ಗಂಜಿಯ ಉಪ್ಪು, ಲಿಥಿಯಂ ಮಾತ್ರೆ: ಮೊದಲ ಒಂದು ವರ್ಷ

"ಎರಡು ತಿಂಗಳಾಯ್ತು ಸಿಸ್ಟರ್, ಎದ್ದು ಮುಖ ತೊಳೀಲಿಕ್ಕೂ ಮನಸ್ಸಿಲ್ಲ ಇವನಿಗೆ. ಎಂತ ಕೇಳಿದ್ರೂ ಹೂಂ, ಅಷ್ಟೇ." ಮನಸ್ಸು ಕೆಲವು ಕಾಲ ತೀರಾ ಕುಗ್ಗಿ, ಕೆಲವು ಕಾಲ ತೀರಾ ಏರಿಹೋಗುವ ಬೈಪೋಲಾರ್ ಕಾಯಿಲೆ ಇರುವವರಲ್ಲಿ ಅನೇಕರು ಹೊರರೋಗಿ ವಿಭಾಗದ ಬಾಗಿಲಿಗೆ ಮೊದಲು ಬರುವುದು ಹೀಗೆ, ಖಿನ್ನತೆಯ ರೂಪದಲ್ಲಿ. ಮನೆಯವರು ಹೇಳುವುದರಲ್ಲಿ ಸುಳ್ಳಿಲ್ಲ. ಊಟ ಸೇರುವುದಿಲ್ಲ, ನಿದ್ರೆ ಇಲ್ಲ ಅಥವಾ ಹಗಲಿಡೀ ನಿದ್ರೆ, ಇಷ್ಟಪಟ್ಟು ಮಾಡುತ್ತಿದ್ದದ್ದೂ ಈಗ ಬೇಡ, ಬದುಕಿ ಏನು ಪ್ರಯೋಜನ ಎಂಬ ಮಾತು. ಇವು ದಿನದ ಬಹುಪಾಲು, ಎರಡು ವಾರಕ್ಕೂ ಮಿಕ್ಕಿ ಉಳಿದರೆ ಅದು ಖಿನ್ನತೆಯೇ ಹೌದು. ಆದರೆ ಚೀಟಿ ಬರೆಯುವ ಮೊದಲು ಕೇಳಲೇಬೇಕಾದ ಪ್ರಶ್ನೆ ಒಂದುಂಟು: ಇದಕ್ಕೆ ಪೂರ್ತಿ ಉಲ್ಟಾ ಇದ್ದ ದಿನಗಳು ಯಾವಾಗಲಾದರೂ ಇದ್ದವಾ?

ಹೀಗೆ ಕೇಳಿದರೆ ಸಾಮಾನ್ಯವಾಗಿ "ಇಲ್ಲ" ಎಂಬ ಉತ್ತರ ಬರುತ್ತದೆ. ಆದ್ದರಿಂದ ಬಿಡಿಸಿ ಕೇಳಬೇಕು. ರಾತ್ರಿ ಎರಡು ಮೂರು ಗಂಟೆ ಮಾತ್ರ ಮಲಗಿ, ಬೆಳಿಗ್ಗೆ ದಣಿವೇ ಇಲ್ಲದೆ ಓಡಾಡಿದ್ದುಂಟಾ? ಮಾತು ನಿಲ್ಲದೆ, ಬೇರೆಯವರು ನಡುವೆ ಬಾಯಿ ಹಾಕಲಿಕ್ಕೂ ಆಗದಷ್ಟು ಆಡಿದ್ದುಂಟಾ? ಕೈಯಲ್ಲಿ ಇಲ್ಲದ ದುಡ್ಡಿಗೆ ಸಾಲ ಮಾಡಿ ಖರ್ಚು ಮಾಡಿದ್ದುಂಟಾ? ಆಗ ಜತೆಗೆ ಬಂದ ಅಕ್ಕನಿಗೋ ಅತ್ತಿಗೆಗೋ ನೆನಪಾಗುತ್ತದೆ: "ಹೌದಲ್ವಾ, ಹೋದ ವರ್ಷ ಮನೆಯಲ್ಲಿ ಮದುವೆ ಇರುವಾಗ ರಾತ್ರಿಯಿಡೀ ಒಬ್ಬನೇ ಗೋಡೆಗೆ ಪೈಂಟ್ ಹೊಡೀತಿದ್ದ. ಹುಷಾರಾದ ಅಂತ ನಮಗೆಲ್ಲ ಖುಷಿ." ನಿದ್ರೆ ಬರುವುದಿಲ್ಲ ಎಂದು ಒದ್ದಾಡುವುದು ಬೇರೆ, ನಿದ್ರೆ ಬೇಡವೇ ಬೇಡ ಎನಿಸುವುದು ಬೇರೆ. ಎರಡನೆಯದು ಉನ್ಮಾದದ ಗುರುತು. ಅಂಥ ದಿನಗಳು ಒಂದು ವಾರ ಎಳೆದರೆ, ಅಥವಾ ಆಸ್ಪತ್ರೆಗೆ ಸೇರಿಸಬೇಕಾದ ಮಟ್ಟಕ್ಕೆ ಹೋದರೆ, ಅದನ್ನು ಮೇನಿಯಾ ಎನ್ನುತ್ತಾರೆ. ನಾಲ್ಕು ದಿನವಾದರೂ ಇದ್ದು, ಕೆಲಸ ಸಂಸಾರ ಕೆಡಿಸುವಷ್ಟು ಜೋರಾಗದಿದ್ದರೆ ಹೈಪೋಮೇನಿಯಾ.

ಈ ಪ್ರಶ್ನೆ ತಪ್ಪಿಹೋದರೆ ಮದ್ದೇ ತಪ್ಪುತ್ತದೆ. ಬರೀ ಖಿನ್ನತೆಯಾದರೆ ಎಸಿಟಾಲೋಪ್ರಾಮ್, ಸರ್ಟ್ರಲೀನ್ ಥರದ ಮಾತ್ರೆಗಳು ಎರಡರಿಂದ ನಾಲ್ಕು ವಾರದಲ್ಲಿ ಹಿಡಿಯತೊಡಗುತ್ತವೆ. ಗುಣವಾದ ಮೇಲೂ ಆರು ತಿಂಗಳಿಗೆ ಕಡಿಮೆ ಇಲ್ಲದಂತೆ ಮುಂದುವರಿಸಬೇಕು. ಬೈಪೋಲಾರ್ ಇರುವವರಿಗೆ ಇವನ್ನೇ ಒಂಟಿಯಾಗಿ ಕೊಟ್ಟರೆ ಕೆಲವರಲ್ಲಿ ಮನಸ್ಸು ಕೆಳಗಿನಿಂದ ನೇರ ಮೇಲಕ್ಕೆ ಜಿಗಿಯುತ್ತದೆ. ಅವರಿಗೆ ಬೇಕಾದದ್ದು ಏರಿಳಿತ ಎರಡನ್ನೂ ಹಿಡಿದಿಡುವ ಮದ್ದು. ಲಿಥಿಯಂ, ವಾಲ್ಪ್ರೊಯೇಟ್, ಕ್ವೆಟಿಯಾಪಿನ್, ಲ್ಯಾಮೋಟ್ರಿಜಿನ್ ಆ ಸಾಲಿನವು. ಅದರಲ್ಲಿ ಲಿಥಿಯಂ ಕುರಿತು ಮಾತ್ರ ಇಲ್ಲಿ ಬರೆಯುತ್ತಿದ್ದೇವೆ. ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವುದರಲ್ಲಿ ಅದಕ್ಕಿರುವಷ್ಟು ಗಟ್ಟಿ ಆಧಾರ ಆ ಸಾಲಿನ ಬೇರೆ ಯಾವುದಕ್ಕೂ ಇಲ್ಲ. ಮನೆಯವರ ಕೈ ಇಷ್ಟು ಬೇಕಾಗುವ ಮದ್ದೂ ಇನ್ನೊಂದಿಲ್ಲ. ಚೀಟಿ ಬರೆಯುವವರು ಡಾಕ್ಟರು. ಅದು ರಕ್ತದಲ್ಲಿ ಎಷ್ಟು ನಿಲ್ಲಬೇಕು ಎಂಬುದು ಮಾತ್ರ ಬಹುಮಟ್ಟಿಗೆ ಅಡುಗೆಮನೆಯಲ್ಲಿ ತೀರ್ಮಾನವಾಗುತ್ತದೆ.

ಯಾಕೆಂದರೆ ಲಿಥಿಯಂ ಒಂದು ಲವಣ, ಸೋಡಿಯಂನ ಹತ್ತಿರದ ನೆಂಟ. ಮೂತ್ರಪಿಂಡಕ್ಕೆ ಇವೆರಡರ ನಡುವೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಮೈಯಲ್ಲಿ ಉಪ್ಪು ಅಥವಾ ನೀರು ಕಡಿಮೆಯಾಯಿತೆಂದರೆ ಅದು ಸೋಡಿಯಂ ಉಳಿಸಿಕೊಳ್ಳಲು ಹೊರಡುತ್ತದೆ, ಜತೆಗೇ ಲಿಥಿಯಂ ಕೂಡ ಒಳಗೆ ಉಳಿಯುತ್ತದೆ. ಅದೇ ಮಾತ್ರೆ, ಅದೇ ಹೊತ್ತು, ಆದರೂ ರಕ್ತದಲ್ಲಿ ಮಟ್ಟ ಏರುತ್ತದೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಕೊಟ್ಟು ಗುಣ ಕಂಡರು. ಅದೇ ಸಮಯಕ್ಕೆ ಅಮೆರಿಕದಲ್ಲಿ, ಉಪ್ಪು ಬಿಡಬೇಕಾದ ಹೃದ್ರೋಗಿಗಳಿಗೆ ಉಪ್ಪಿನ ಬದಲಿಗೆ ಲಿಥಿಯಂ ಕ್ಲೋರೈಡನ್ನು ಅಂಗಡಿಯಲ್ಲಿ ಮಾರುತ್ತಿದ್ದರು. ಲೆಕ್ಕವಿಲ್ಲದೆ ತಿಂದವರಲ್ಲಿ ಕೆಲವರು ಸತ್ತರು. ಅಲ್ಲಿ ಲಿಥಿಯಂ ಮದ್ದಾಗಿ ಒಪ್ಪಿಗೆ ಪಡೆಯಲು 1970 ಬರಬೇಕಾಯಿತು. ಸೋಡಿಯಂ ಇಲ್ಲದ ಮೈಗೆ ಲಿಥಿಯಂ ಸೇರಿದ್ದೇ ಆ ಅನಾಹುತವನ್ನು ಅಷ್ಟು ದೊಡ್ಡದು ಮಾಡಿತು.

ಮೊದಲ ಮಾತ್ರೆಗೆ ಮುಂಚೆ ಮೂತ್ರಪಿಂಡ ನೋಡಲು ಕ್ರಿಯಾಟಿನಿನ್, ಥೈರಾಯ್ಡ್ ನೋಡಲು ಟಿಎಸ್‌ಎಚ್, ಕ್ಯಾಲ್ಸಿಯಂ ಪರೀಕ್ಷೆ, ತೂಕ, ವಯಸ್ಸಾದವರಿಗೆ ಅಥವಾ ಹೃದಯದ ತೊಂದರೆ ಇದ್ದವರಿಗೆ ಇಸಿಜಿ, ಹೆರುವ ವಯಸ್ಸಿನ ಹೆಂಗಸರಿಗೆ ಗರ್ಭದ ಪರೀಕ್ಷೆ. ಮನೆಯಲ್ಲಿ ನುಂಗುತ್ತಿರುವ ಎಲ್ಲ ಮದ್ದನ್ನೂ ಪ್ಲಾಸ್ಟಿಕ್ ತೊಟ್ಟೆ ಸಮೇತ ತರಲು ಹೇಳುತ್ತೇವೆ. ಬಾಯಲ್ಲಿ ಹೇಳುವಾಗ "ಬಿಪಿದೊಂದು ಉಂಟು" ಎಂದಷ್ಟೇ ಬರುತ್ತದೆ, ತೊಟ್ಟೆ ಸುರಿದರೆ ಟೆಲ್ಮಿಸಾರ್ಟನ್ ಮತ್ತು ನೀರು ಹೊರಹಾಕುವ ಮದ್ದು ಎರಡೂ ಸೇರಿದ ಮಾತ್ರೆ ಕಾಣುತ್ತದೆ. ಸಾರ್ಟನ್, ಪ್ರಿಲ್ ಎಂದು ಕೊನೆಯಾಗುವ ಬಿಪಿ ಮದ್ದುಗಳು, ಹೈಡ್ರೊಕ್ಲೋರೊಥಯಜೈಡ್, ಕ್ಲೋರ್ಥಲಿಡೋನ್ ಎಲ್ಲವೂ ಲಿಥಿಯಂ ಮಟ್ಟ ಏರಿಸುತ್ತವೆ. ಆಮ್ಲೊಡಿಪಿನ್‌ನಿಂದ ಅಂಥ ತೊಂದರೆ ಇಲ್ಲ. ಬದಲಾಯಿಸುವುದಾದರೆ ಎರಡೂ ಕಡೆಯ ಡಾಕ್ಟರಿಗೆ ಗೊತ್ತಿರಬೇಕು.

ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ 300 ಮಿಲಿಗ್ರಾಂನ ಎರಡು ಅಥವಾ ಮೂರು ಮಾತ್ರೆಯಿಂದ ಶುರು, ವಯಸ್ಸಾದವರಿಗೆ ಅದಕ್ಕಿಂತ ಕಡಿಮೆ. ಊಟ ಮಾಡಿದ ಮೇಲೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ. 400 ಮಿಲಿಗ್ರಾಂನ ನಿಧಾನವಾಗಿ ಕರಗುವ ಮಾತ್ರೆಗಳೂ ಇವೆ, ಅವನ್ನು ಜಗಿಯಬಾರದು, ಅರ್ಧ ಮಾಡಿ ಪುಡಿ ಮಾಡಬಾರದು. ಮೆಡಿಕಲ್‌ನಲ್ಲಿ "ಅದಿಲ್ಲ, ಇದು ಕೂಡ ಲಿಥಿಯಮ್ಮೇ" ಎಂದು ಒಂದರ ಬದಲು ಇನ್ನೊಂದು ಕೊಟ್ಟರೆ ತೆಗೆದುಕೊಳ್ಳಬೇಡಿ, ಎರಡರ ಲೆಕ್ಕ ಒಂದೇ ಅಲ್ಲ. ಒಂದು ಹೊತ್ತು ಮರೆತರೆ ಮರುದಿನ ಜೋಡಿ ನುಂಗುವುದೂ ಬೇಡ. ಉನ್ಮಾದ ಜೋರಿದ್ದಾಗ ಲಿಥಿಯಂ ಒಂದರಿಂದಲೇ ಆಗುವುದಿಲ್ಲ, ಅದು ಹಿಡಿಯಲು ಒಂದು ವಾರವಾದರೂ ಬೇಕು. ಅಲ್ಲಿಯವರೆಗೆ ಒಲಾನ್ಜಪಿನ್ ಥರದ್ದು ಜತೆಗಿರುತ್ತದೆ. ಆ ಮಂಪರನ್ನು ಕಂಡು "ಲಿಥಿಯಂ ಕೊಟ್ಟು ಮಲಗಿಸಿಬಿಟ್ಟರು" ಎಂದು ಮನೆಯವರು ಬೇಸರಪಟ್ಟುಕೊಳ್ಳುವುದುಂಟು. ಮಂಪರು ಹೆಚ್ಚಾಗಿ ಆ ಜತೆಗಾರ ಮದ್ದಿನದ್ದು.

ಐದರಿಂದ ಏಳು ದಿನಕ್ಕೆ ಮೊದಲ ರಕ್ತಪರೀಕ್ಷೆ. ಅಷ್ಟು ದಿನ ಆಗದೆ ಮಟ್ಟ ಒಂದು ಹದಕ್ಕೆ ನಿಲ್ಲುವುದಿಲ್ಲ. ಇಲ್ಲಿ ತಪ್ಪುವುದು ಹೆಚ್ಚಾಗಿ ಗಡಿಯಾರ. ಕೊನೆಯ ಮಾತ್ರೆಗೂ ಸೂಜಿಗೂ ನಡುವೆ 12 ಗಂಟೆ ಇರಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದರೆ ಬೆಳಿಗ್ಗೆ ಒಂಬತ್ತಕ್ಕೆ ರಕ್ತ, ಅರ್ಧ ಗಂಟೆ ಆಚೀಚೆ. ಬೈಂದೂರಿನಿಂದಲೋ ಸುಳ್ಯದಿಂದಲೋ ಮೊದಲ ಬಸ್ಸು ಹಿಡಿಯುವವರು ಹೊರಡುವ ಮುಂಚೆ ಬೆಳಗಿನ ಮಾತ್ರೆ ನುಂಗಿಯೇ ಬರುತ್ತಾರೆ, ಪಾಪ, ತಪ್ಪಿಸಬಾರದೆಂದು. ಆಗ ಅಂಕೆ ಸುಳ್ಳೇ ಮೇಲಿರುತ್ತದೆ. ಅದನ್ನು ನಂಬಿ ಮಾತ್ರೆ ಕಡಿಮೆ ಮಾಡಿದರೆ ಮುಂದಿನ ತಿಂಗಳು ಕಾಯಿಲೆ ಮರಳಬಹುದು. ಬೆಳಗಿನ ಮಾತ್ರೆಯನ್ನು ಚೀಲದಲ್ಲಿ ತನ್ನಿ, ರಕ್ತ ಕೊಟ್ಟು, ತಿಂಡಿ ತಿಂದು ನುಂಗಿ. ತಪ್ಪಿ ನುಂಗಿದ್ದರೆ ಲ್ಯಾಬಿನವರಿಗೆ ಹೇಳಿಬಿಡಿ, ಯಾರೂ ಬೈಯುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಗೊತ್ತು, ಹೊಸಬರು ಮರೆಯುತ್ತಾರೆ. ಹಸಿರು ಮುಚ್ಚಳದ ಟ್ಯೂಬುಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಇರುತ್ತದೆ. ಅದು ಲಿಥಿಯಂ ಹೆಪಾರಿನ್ ಆಗಿದ್ದರೆ ಟ್ಯೂಬಿನ ಲಿಥಿಯಮ್ಮೇ ಲೆಕ್ಕಕ್ಕೆ ಸೇರಿಬಿಡುತ್ತದೆ. ಮನುಷ್ಯ ಆರಾಮವಾಗಿ ಕೂತು ಮಾತಾಡುತ್ತಿರುವಾಗ ರಿಪೋರ್ಟಿನಲ್ಲಿ ಗಾಬರಿಪಡುವ ಅಂಕೆ ಬಂದರೆ ಮೊದಲು ಕೇಳಬೇಕಾದದ್ದು ಎರಡು: ಮಾತ್ರೆ ಎಷ್ಟು ಹೊತ್ತಿಗೆ ನುಂಗಿದ್ದು, ರಕ್ತ ಯಾವ ಮುಚ್ಚಳದ ಟ್ಯೂಬಿಗೆ ಹಾಕಿದ್ದು.

ಅಂಕೆ ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ ಬರುತ್ತದೆ. ಕಾಯಿಲೆ ಮರಳದಂತೆ ಕಾಯಲು ಹೆಚ್ಚಿನವರಿಗೆ 0.6ರಿಂದ 0.8, ಉನ್ಮಾದ ಏರಿದ್ದಾಗ 0.8ರಿಂದ 1.0. ವಯಸ್ಸಾದವರಿಗೆ ಇನ್ನೂ ಕಡಿಮೆಯಲ್ಲೇ ಸಾಕಾಗುತ್ತದೆ. 1.5 ದಾಟಿದರೆ ವಿಷವೆಂದೇ ತಿಳಿಯಬೇಕು, ಕೆಲವರಿಗೆ ಅದಕ್ಕಿಂತ ಕೆಳಗೇ ಆಗುತ್ತದೆ. ಗುಣ ಕೊಡುವ ಮಟ್ಟಕ್ಕೂ ಕೆಡುಕು ಮಾಡುವ ಮಟ್ಟಕ್ಕೂ ಇಷ್ಟು ಕಡಿಮೆ ಅಂತರ. ಹದ ಸಿಗುವವರೆಗೆ ವಾರ ವಾರ, ಆಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಹಿಡಿಯುವುದು ಅದಕ್ಕೇ.

ಎರಡನೆಯ ಮೂರನೆಯ ವಾರಕ್ಕೆ ಕೈ ನಡುಗುತ್ತದೆ ಎಂದು ಬರುತ್ತಾರೆ. ಚಾಚಿದ ಕೈಯ ಮೇಲೆ ಒಂದು ಕಾಗದ ಇಟ್ಟು ನೋಡಿ. ಕಾಗದದ ಅಂಚು ಮಾತ್ರ ಸಣ್ಣಗೆ, ಬೇಗ ಬೇಗ ಅದುರುತ್ತಿದ್ದರೆ ಅದು ಲಿಥಿಯಂನ ಮಾಮೂಲಿ ನಡುಕ. ತುಂಬಿದ ಲೋಟದ ಚಹ ಚೆಲ್ಲೀತೆಂಬ ನಾಚಿಕೆಯಿಂದ ನೆಂಟರ ಮನೆಗೇ ಹೋಗದವರನ್ನು ನೋಡಿದ್ದೇವೆ. ಅವರ ಮನೆಯವರಿಗೆ ನಾವು ಹೇಳುವುದು: ಲೋಟಕ್ಕೆ ಅರ್ಧ ಹೊಯ್ಯಿರಿ, ಕೈಯನ್ನೇ ನೋಡುತ್ತ ನಿಲ್ಲಬೇಡಿ. ಮಾತ್ರೆಯನ್ನು ಪೂರ್ತಿ ರಾತ್ರಿಗೆ ಸರಿಸಿದರೆ, ಮಟ್ಟ ಸ್ವಲ್ಪ ತಗ್ಗಿಸಿದರೆ ಕಡಿಮೆಯಾಗುತ್ತದೆ. ಹೋಗದಿದ್ದರೆ ಪ್ರೊಪ್ರನೊಲಾಲ್ ಉಂಟು, ದಮ್ಮಿನ ಕಾಯಿಲೆ ಇದ್ದವರಿಗೆ ಮಾತ್ರ ಅದು ಸಲ್ಲದು. ಚಹ ಕಾಫಿಯಿಂದ ನಡುಕ ಹೆಚ್ಚುತ್ತದೆ ನಿಜ. ಹಾಗೆಂದು ದಿನಕ್ಕೆ ಆರು ಲೋಟ ಕುಡಿಯುವವರು ಒಮ್ಮೆಲೇ ಬಿಡಬಾರದು, ಬಿಟ್ಟರೆ ಲಿಥಿಯಂ ಮಟ್ಟ ಏರುತ್ತದೆ. ಆದರೆ ಕಾಗದದ ಅಂಚಲ್ಲ, ಇಡೀ ಕೈಯೇ ಒರಟಾಗಿ ಅಲುಗುತ್ತಿದೆ, ಅಂಗಿಯ ಗುಂಡಿ ಹಾಕಲಿಕ್ಕೆ ಆಗುತ್ತಿಲ್ಲ ಎಂದರೆ ಅದು ಬೇರೆಯೇ ನಡುಕ, ಅಂದೇ ರಕ್ತಪರೀಕ್ಷೆ ಆಗಬೇಕು.

ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಏರುವುದು ಒಂದರ ಬೆನ್ನಿಗೆ ಇನ್ನೊಂದು ಬರುತ್ತವೆ. ಬಾಯಾರಿಕೆಗೆ ಶರಬತ್ತು, ಬಾಟ್ಲಿ ಜ್ಯೂಸ್ ಕುಡಿದರೆ ತೂಕ ಏರಿಯೇ ಏರುತ್ತದೆ. ಕುದಿಸಿ ಆರಿಸಿದ ಜೀರಿಗೆ ನೀರು, ನೀರುಮಜ್ಜಿಗೆ ಸಾಕು.

ಈಗ ಉಪ್ಪಿನ ವಿಷಯ. ನಮ್ಮ ಕರಾವಳಿಯ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಕೂತಲ್ಲೇ ಬೆವರು ಇಳಿಯುತ್ತದೆ. ಅಂಗಿ ಒಣಗಿದ ಮೇಲೆ ಬೆನ್ನಿನಲ್ಲಿ ಉಳಿಯುವ ಬಿಳಿ ಗೆರೆ ನೋಡಿ, ಅದು ಮೈಬಿಟ್ಟು ಹೋದ ಉಪ್ಪು. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿಗೆ ಉಪ್ಪು, ಬದಿಗೆ ಮಾವಿನ ಮಿಡಿ, ಒಣಮೀನಿನ ಚಟ್ನಿ ಹಾಕಿ ಉಣ್ಣುವ ಮನೆಯಲ್ಲಿ ಅದು ತನ್ನಷ್ಟಕ್ಕೇ ತುಂಬಿಕೊಳ್ಳುತ್ತದೆ. ತೊಂದರೆ ಆಗುವುದು ಯಾರೋ "ಬಿಪಿ ಉಂಟು, ಉಪ್ಪು ಬಿಡು" ಎಂದು ಹೇಳಿ, ಒಂದೇ ದಿನದಲ್ಲಿ ಉಪ್ಪಿನಕಾಯಿ, ಒಣಮೀನು, ಹಪ್ಪಳ ಎಲ್ಲ ನಿಲ್ಲಿಸಿದಾಗ. ಗಂಜಿ ಸಪ್ಪೆಯಾಗುತ್ತದೆ, ಅತ್ತ ಲಿಥಿಯಂ ಏರುತ್ತದೆ. ಉಲ್ಟಾ ಕೂಡ ಆಗುತ್ತದೆ: ಆಸ್ಪತ್ರೆಯ ಸಪ್ಪೆ ಊಟದಲ್ಲಿ ಹದ ಮಾಡಿದ ಮಟ್ಟ, ಮನೆಗೆ ಹೋಗಿ ಖಾರ ಉಪ್ಪಿನ ಊಟ ಶುರುವಾದಾಗ ಇಳಿಯಬಹುದು. ಉಪ್ಪು ಹೆಚ್ಚು ತಿನ್ನಿ ಎಂದೂ ನಾವು ಹೇಳುವುದಿಲ್ಲ, ಬಿಡಿ ಎಂದೂ ಹೇಳುವುದಿಲ್ಲ. ನಿನ್ನೆ ಎಷ್ಟೋ ಇಂದೂ ಅಷ್ಟೇ ಇರಲಿ, ಇದೊಂದೇ ಕಟ್ಟು. ಬಿಪಿಗಾಗಿ ಕಡಿಮೆ ಮಾಡಲೇಬೇಕಾದರೆ ನಿಧಾನಕ್ಕೆ ಮಾಡಿ, ವಾರ ಕಳೆದು ರಕ್ತಪರೀಕ್ಷೆ ಮಾಡಿಸಿ. ಮಾರಾಟಕ್ಕಿರುವ ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲಿನ ಬದಲು ಪೊಟ್ಯಾಸಿಯಂ ಸೇರಿರುತ್ತದೆ, ಅದಕ್ಕೆ ಬದಲಾಗುವುದೂ ಉಪ್ಪು ಬಿಟ್ಟಂತೆಯೇ.

ಬೊಂಡದ, ಅಂದರೆ ಎಳನೀರಿನ, ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ವಾಂತಿಯೋ ಭೇದಿಯೋ ಆದಾಗ "ಬೊಂಡ ಕುಡಿಸ್ತಿದ್ದೇವೆ, ಸಾಕಲ್ವಾ" ಎಂದು ಕೇಳುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಇಲ್ಲಿ ಬೇಕಾಗಿರುವುದು ಸೋಡಿಯಂ. ಒಆರ್‌ಎಸ್‌ನ ಒಂದು ದೊಡ್ಡ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ನೀರಿಗೆ ಕದಡಿ ಗುಟುಕು ಗುಟುಕಾಗಿ ಕುಡಿಸಿ. ಅದು ಕೈಗೆ ಸಿಗುವವರೆಗೆ ಉಪ್ಪು ಹಾಕಿದ ಗಂಜಿತಿಳಿ.

ವಾಂತಿ, ಭೇದಿ, ಜೋರು ಜ್ವರ ಶುರುವಾದ ದಿನ ಲಿಥಿಯಂ ಮಾತ್ರೆ ನಿಲ್ಲಿಸಿ, ಡಾಕ್ಟರಿಗೆ ಫೋನ್ ಮಾಡಿ. ಮದ್ದು ಒಂದು ದಿನವೂ ತಪ್ಪಿಸಬಾರದು ಎಂದು ಮೊದಲ ದಿನದಿಂದ ಕೇಳಿದವರಿಗೆ ಇದನ್ನು ಮಾಡುವ ಧೈರ್ಯ ಬರುವುದಿಲ್ಲ, ಅದಕ್ಕೇ ಮೊದಲೇ ಹೇಳಿಡುತ್ತೇವೆ. ಮತ್ತೆ ಯಾವಾಗ ಶುರು ಮಾಡಬೇಕೆಂದು ಡಾಕ್ಟರೇ ಹೇಳುತ್ತಾರೆ, ಸಾಮಾನ್ಯವಾಗಿ ಊಟ ನೀರು ಮಾಮೂಲಿಗೆ ಬಂದ ಮೇಲೆ. ಜುಲೈ ಆಗಸ್ಟ್ ಮಳೆಯಲ್ಲಿ ಗದ್ದೆಗೆ, ತೋಟಕ್ಕೆ ಇಳಿದವರಿಗೆ ಜ್ವರ ಬಂದರೆ ಇನ್ನೂ ಜಾಗ್ರತೆ ಬೇಕು. ಇಲಿಜ್ವರ ಈ ಜಿಲ್ಲೆಗಳಲ್ಲಿ ಮಳೆಗಾಲದ ಕಾಯಿಲೆ, ಅದು ಮೂತ್ರಪಿಂಡಕ್ಕೇ ಹೊಡೆಯುತ್ತದೆ, ಹೊರಹೋಗಬೇಕಾದ ಲಿಥಿಯಂ ಒಳಗೇ ಕಟ್ಟಿಕೊಳ್ಳುತ್ತದೆ. ಅದೇ ಹೊತ್ತಿಗೆ ಮೈಕೈ ನೋವಿಗೆಂದು ಡೈಕ್ಲೋಫೆನಾಕ್ ಇಂಜೆಕ್ಷನ್ ಬಿದ್ದರೆ ಎರಡೂ ಸೇರಿಕೊಂಡಂತೆ. ಐಬುಪ್ರೊಫೆನ್, ಅಸೆಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಮುಟ್ಟಿನ ಹೊಟ್ಟೆನೋವಿಗೆ ಹುಡುಗಿಯರು ನುಂಗುವ ಮೆಫೆನಮಿಕ್ ಆಸಿಡ್ ಎಲ್ಲವೂ ಲಿಥಿಯಂ ಏರಿಸುವಂಥವೇ. ನೋವಿಗೂ ಜ್ವರಕ್ಕೂ ಪ್ಯಾರಾಸಿಟಮಾಲ್ ಆಗುತ್ತದೆ. ಸೊಂಟನೋವಿನ ಮಾತ್ರೆಯನ್ನು ಯಾರೂ ಮದ್ದೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ, ಕೇಳಿದರೂ ನೆನಪಾಗುವುದಿಲ್ಲ. ನಾವು ಪ್ರತಿ ಸಲವೂ ಹೆಸರು ಹಿಡಿದೇ ಕೇಳುತ್ತೇವೆ.

ವಿಷ ಏರಿದಾಗ ಕಾಣುವುದು: ಒರಟು ನಡುಕ, ನಿಲ್ಲದ ವಾಂತಿಭೇದಿ, ತೊದಲು, ತೂರಾಡುವ ನಡಿಗೆ, ಮಂಕು. ನೋಡಿದವರಿಗೆ ಕುಡಿದು ಬಂದಂತೆಯೇ ಕಾಣುತ್ತದೆ. ಮನೆಯವರೇ ಹಾಗೆಂದುಕೊಂಡು, ಮಲಗಿ ಎದ್ದರೆ ಸರಿಯಾಗುತ್ತದೆ ಎಂದು ಒಂದು ರಾತ್ರಿ ಕಳೆದುಬಿಡುತ್ತಾರೆ. ಆ ರಾತ್ರಿ ಕಳೆಯಬಾರದು. ತಡವಾದರೆ ತೊದಲು, ತೂರಾಟ ಕೆಲವರಲ್ಲಿ ಶಾಶ್ವತವಾಗಿ ಉಳಿದುಬಿಡುತ್ತದೆ. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡು ಜಿಲ್ಲಾ ಆಸ್ಪತ್ರೆ, ಇಲ್ಲವೇ ಹತ್ತಿರದ ಯಾವುದೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಅಲ್ಲಿ ಬಾಯಿಬಿಡುವ ಮೊದಲ ವಾಕ್ಯದಲ್ಲೇ "ಲಿಥಿಯಂ ತೆಗೆದುಕೊಳ್ಳುತ್ತಾರೆ" ಎಂಬುದು ಇರಲಿ, ಮಾತ್ರೆಯ ಪಟ್ಟಿ ಕೈಯಲ್ಲಿರಲಿ. ಡ್ರಿಪ್ ಹಾಕುತ್ತಾರೆ, ಮಟ್ಟ ತೀರಾ ಮೇಲಿದ್ದರೆ ಡಯಾಲಿಸಿಸ್ ಮಾಡುತ್ತಾರೆ.

ಇನ್ನು ನಿದ್ರೆ. ಒಂದು ರಾತ್ರಿ ಪೂರ್ತಿ ನಿದ್ರೆಗೆಟ್ಟರೆ ಉನ್ಮಾದ ಮರಳಲು ಅಷ್ಟೇ ಸಾಕಾಗಬಹುದು. ನಮ್ಮ ಊರಿನಲ್ಲಿ ಇದನ್ನು ಪಾಲಿಸುವುದು ಎಷ್ಟು ಕಷ್ಟ ಎಂಬುದು ಇಲ್ಲಿ ಹುಟ್ಟಿದವರಿಗೆ ಗೊತ್ತು. ನವೆಂಬರಿನಲ್ಲಿ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ಮೇ ಕೊನೆಯ ಪತ್ತನಾಜೆಯವರೆಗೆ ಆಟ, ಅದರ ನಡುವೆ ರಾತ್ರಿಯ ದೈವಾರಾಧನೆಯ ನೇಮ, ಕೋಲ, ಮದುವೆಯ ಹಿಂದಿನ ರಾತ್ರಿಯ ಕೆಲಸ. ಆಟ ನೋಡಬೇಡಿ ಎನ್ನಲು ನಮಗೆ ಮನಸ್ಸು ಬರುವುದಿಲ್ಲ, ಹೇಳಿದರೂ ನಡೆಯುವುದಿಲ್ಲ. ಕಾಲಮಿತಿಯ ಆಟಕ್ಕೆ ಹೋಗಿ, ನಡುರಾತ್ರಿಯೊಳಗೆ ಹಾಸಿಗೆ ಸೇರಿ. ಮನೆಯಲ್ಲೇ ನೇಮ ಇದ್ದರೆ ಇವರಿಗೆ ಮಲಗಲು ನೆರೆಮನೆಯಲ್ಲಿ ಒಂದು ಕೋಣೆ ಮೊದಲೇ ಹೇಳಿಟ್ಟುಕೊಳ್ಳಿ. ಎರಡು ರಾತ್ರಿ ಒಂದರ ಮೇಲೊಂದು ನಿದ್ರೆ ಕಡಿಮೆಯಾಗಿ, ಬೆಳಿಗ್ಗೆ ಉತ್ಸಾಹ ಹೆಚ್ಚಿದ್ದರೆ ಮೂರನೆಯ ರಾತ್ರಿಗೆ ಕಾಯದೆ ಫೋನ್ ಮಾಡಿ.

ಜೋಯಿಸರಲ್ಲಿ ಪ್ರಶ್ನೆ ಇಡಿಸಿದ್ದೇವೆ, ಹರಕೆ ಉಂಟು ಎಂದು ಹೇಳಲು ಯಾರೂ ಹಿಂಜರಿಯಬೇಕಾಗಿಲ್ಲ. ಹರಕೆ ತೀರಿಸಿ, ಮಾತ್ರೆಯೂ ನಡೆಯಲಿ. ನೀರು ಮುಟ್ಟದ ಉಪವಾಸ, ರಂಜಾನ್ ತಿಂಗಳು, ಶಬರಿಮಲೆಯ ವ್ರತ ಇರುವುದಾದರೆ ಕೆಲವು ವಾರ ಮೊದಲೇ ತಿಳಿಸಿ. ಮಾತ್ರೆಯ ಹೊತ್ತು ಸರಿಸಬಹುದೇ, ನಡುವೆ ಒಂದು ಪರೀಕ್ಷೆ ಬೇಕೇ, ಈ ವರ್ಷ ಬೇಡವೇ ಎಂದು ಆಗ ಕೂತು ಮಾತಾಡಲಿಕ್ಕಾಗುತ್ತದೆ.

ಮದುವೆಯಾದ, ಆಗಲಿರುವ ಹೆಣ್ಣುಮಕ್ಕಳ ವಿಷಯ ಇನ್ನೂ ಮುಖ್ಯ. ಗರ್ಭದ ಮೊದಲ ತಿಂಗಳುಗಳಲ್ಲಿ ಲಿಥಿಯಂನಿಂದ ಮಗುವಿನ ಹೃದಯದ ದೋಷದ ಅಪಾಯ ಸ್ವಲ್ಪ ಹೆಚ್ಚುತ್ತದೆ. ವಾಲ್ಪ್ರೊಯೇಟಿನ ಅಪಾಯ ಅದಕ್ಕಿಂತ ಬಹಳ ದೊಡ್ಡದು, ಹೆರುವ ವಯಸ್ಸಿನವರಿಗೆ ಅದನ್ನು ತಪ್ಪಿಸುವುದೇ ಸರಿ. ಮುಟ್ಟು ನಿಂತಿತೆಂದು ಹೆದರಿ ತಾವೇ ಮಾತ್ರೆ ಬಿಟ್ಟರೆ ಬಸುರಿನಲ್ಲಿ, ಹೆರಿಗೆಯ ಬೆನ್ನಿಗೆ ಕಾಯಿಲೆ ಮರಳುವ ಸಂಭವ ಹೆಚ್ಚು. ಮಗು ಬೇಕೆಂದು ಅಂದುಕೊಂಡ ದಿನವೇ ಗಂಡಹೆಂಡತಿ ಇಬ್ಬರೂ ಬಂದು ಕೇಳಿ.

ಆರು ತಿಂಗಳಾಗುವಾಗ ಕೇಳಿಬರುವ ಮಾತು ಬೇರೆ: "ಈಗ ಎಂತ ತೊಂದರೆಯೂ ಇಲ್ಲ ಡಾಕ್ಟ್ರೇ, ಇನ್ನೂ ಮದ್ದು ಬೇಕಾ?" ಆರಾಮ ಇರುವುದು ಮದ್ದಿನಿಂದ. ಲಿಥಿಯಂ ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರಳುತ್ತದೆ, ಅದರಲ್ಲೂ ಉನ್ಮಾದ ಬೇಗ ಮರಳುತ್ತದೆ, ಆತ್ಮಹತ್ಯೆಯ ಅಪಾಯವೂ ಏರುತ್ತದೆ. ಮುಂದೆ ಎಂದಾದರೂ ನಿಲ್ಲಿಸುವುದಾದರೆ ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳು ಹಿಡಿದು ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಖಿನ್ನತೆಯಿಂದ ಏಳುವ ಮೊದಲ ವಾರಗಳಲ್ಲಿ ಇನ್ನೊಂದು ಎಚ್ಚರ ಬೇಕು. ಮೈಗೆ ಚೈತನ್ಯ ಮೊದಲು ಬರುತ್ತದೆ, ಮನಸ್ಸಿನ ಕತ್ತಲು ಕಳೆಯುವುದು ಆಮೇಲೆ. ಎದ್ದು ಓಡಾಡುತ್ತಾನೆ ಎಂದು ಮನೆಯವರು ನಿರಾಳವಾಗುವುದೂ ಆಗಲೇ. ಆ ದಿನಗಳಲ್ಲಿ ಒಂದು ವಾರದ್ದಕ್ಕಿಂತ ಹೆಚ್ಚು ಮಾತ್ರೆ ಅವರ ಕೈಯಲ್ಲಿ ಇರಬಾರದು, ಉಳಿದದ್ದು ಮನೆಯ ಹಿರಿಯರ ಬೀಗದಲ್ಲಿರಲಿ. ಸಾಯುವ ಮಾತು ಬಂದರೆ "ಹಾಗೆಲ್ಲ ಮಾತಾಡಬಾರದು" ಎಂದು ಬಾಯಿ ಮುಚ್ಚಿಸಬೇಡಿ. ಹತ್ತಿರ ಕೂತು ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರೆತನ್ನಿ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಆರು ತಿಂಗಳಿಗೊಮ್ಮೆ ಟಿಎಸ್‌ಎಚ್, ಕ್ರಿಯಾಟಿನಿನ್, ಕ್ಯಾಲ್ಸಿಯಂ. ಥೈರಾಯ್ಡ್ ಕುಂದಿದರೆ ಮೈ ಭಾರ, ಆಲಸ್ಯ, ಬೇಸರ ಬರುತ್ತವೆ, ಅದನ್ನು ಖಿನ್ನತೆ ಮರಳಿತೆಂದು ತಪ್ಪು ತಿಳಿಯುವುದು ಸುಲಭ. ಥೈರಾಕ್ಸಿನ್ ಮಾತ್ರೆ ಕೊಟ್ಟರೆ ಅದು ಸರಿಯಾಗುತ್ತದೆ, ಅದಕ್ಕಾಗಿ ಲಿಥಿಯಂ ಬಿಡಬೇಕಾಗಿಲ್ಲ. ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಿ: ತಾರೀಕು, ಮಟ್ಟ, ಮಾತ್ರೆಯ ಲೆಕ್ಕ, ತೂಕ, ಮಲಗಿದ ಎದ್ದ ಹೊತ್ತು.

ಮಲ್ಪೆ, ಗಂಗೊಳ್ಳಿ, ಮಂಗಳೂರು ದಕ್ಕೆಯ ಬೋಟಿನವರಿಗೆ ಇದರ ಮೇಲೆ ಇನ್ನೊಂದಿಷ್ಟು ಹೇಳುವುದಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮೀನುಗಾರಿಕೆ ರಜೆ ಮದ್ದಿನ ಹದ ಹಿಡಿಯಲು ಒಳ್ಳೆಯ ಸಮಯ. ಆಗಸ್ಟಿನಲ್ಲಿ ಕಡಲಿಗೆ ಇಳಿಯುವ ವಾರವೇ ಒಂದು ರಕ್ತಪರೀಕ್ಷೆ ಮಾಡಿಸಿ, ಡಾಕ್ಟರು ಒಪ್ಪಿದ ಮೇಲೆ ಹೋಗಿ. ರಾತ್ರಿ ಪಾಳಿ ಬೇಡ ಎಂದು ಬೋಟು ನಡೆಸುವ ತಂಡೇಲರಿಗೆ ಮೊದಲೇ ಹೇಳಿ. ಎಷ್ಟು ದಿನದ ಪ್ರಯಾಣವೋ ಅಷ್ಟು ದಿನದ ಮಾತ್ರೆ, ಮೇಲೆ ಎರಡು ದಿನದ್ದು, ನೀರು ತಾಗದ ಡಬ್ಬಿಯಲ್ಲಿ ಹಾಕಿ. ಪ್ಯಾರಾಸಿಟಮಾಲ್ ಹತ್ತು, ಒಆರ್‌ಎಸ್ ಆರು ಪ್ಯಾಕೆಟ್, ಕುಡಿಯುವ ನೀರಿನ ಕ್ಯಾನು ಬೇರೆಯೇ ಇರಲಿ. ಜತೆಗಿರುವವರಲ್ಲಿ ಒಬ್ಬನಿಗಾದರೂ ವಿಷಯ ಗೊತ್ತಿರಬೇಕು: ವಾಂತಿ ನಿಲ್ಲದಿದ್ದರೆ ಆ ದಿನದ ಮಾತ್ರೆ ಕೊಡಬಾರದು, ಮಾತು ತೊದಲಿದರೆ ವಯರ್‌ಲೆಸ್ಸಿನಲ್ಲಿ ದಡಕ್ಕೆ ತಿಳಿಸಿ ಬೋಟು ತಿರುಗಿಸಬೇಕು.